ಲೈಟ್ ಜಾಸ್ತಿ ಮಾಡಿದರೂ ಕಣ್ಣುರಿ ಹೋಗದಿದ್ದರೆ: ಕೆಲಸದ ಜಾಗದ ಗ್ಲೇರ್ ಪತ್ತೆ ಮತ್ತು ಪರಿಹಾರ

"ಲೈಟ್ ಸಾಲ್ತಿಲ್ಲ, ಇನ್ನೆರಡು ಹಾಕಿಬಿಡಿ." ಚಿಕ್ಕಮಗಳೂರು ಕಡೆ ವೈರಿಂಗ್ ಕೆಲಸ ಮಾಡುವ ನಮ್ಮಂಥವರು ಜಾಸ್ತಿ ಕೇಳುವ ಮಾತು ಇದು. ಸೊಸೈಟಿ ಕಚೇರಿ, ಕಾಫಿ ಕ್ಯೂರಿಂಗ್ ವರ್ಕ್ಸ್, ಜೆರಾಕ್ಸ್ ಅಂಗಡಿ, ಹಾಸನದ ಗಾರ್ಮೆಂಟ್ಸ್, ಎಲ್ಲಿ ಹೋದರೂ ಇದೇ. ಹೋಗಿ ಮೀಟರ್ ಇಟ್ಟು ನೋಡಿದರೆ ಎಷ್ಟೋ ಸಲ ಬೆಳಕು ಬೇಕಾದಷ್ಟು ಇರುತ್ತದೆ. ಅದು ಮೇಜಿಗೆ ಬೀಳುವುದರ ಜೊತೆಗೆ ಕೂತವರ ಕಣ್ಣಿಗೂ ಬೀಳುತ್ತಿರುತ್ತದೆ, ಅಷ್ಟೇ. ಅಂಥ ಕಡೆ ಇನ್ನೆರಡು ಜೋರಾದ ದೀಪ ಹಾಕಿದರೆ ತೊಂದರೆ ಹೆಚ್ಚುತ್ತದೆ, ಬಿಲ್ಲೂ ಹೆಚ್ಚುತ್ತದೆ.

ಹಾಗಾಗಿ ದೀಪ ಕೊಳ್ಳುವ ಮೊದಲು ಬೆಳಕು ಯಾವ ದಾರಿಯಲ್ಲಿ ಕಣ್ಣಿಗೆ ಬರುತ್ತಿದೆ ಎಂದು ಹುಡುಕಬೇಕು. ಅದಕ್ಕೆ ಬೇಕಾಗುವುದು ಒಂದು ಸಣ್ಣ ಕನ್ನಡಿ, ಒಂದು ಟೇಬಲ್ ಲ್ಯಾಂಪ್, ಮತ್ತು ದೂರು ಹೇಳಿದವರ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂರುವ ತಾಳ್ಮೆ.

ದೂರು ಏನು ಹೇಳುತ್ತಿದೆ?

ಗ್ಲೇರ್ ಅಂದರೆ ಕಣ್ಣು ಕುಕ್ಕುವ ಬೆಳಕು. ಅದರಲ್ಲಿ ಎರಡು ಬಗೆ. ಒಂದರಲ್ಲಿ ಕಾಣುವುದೇ ಕೆಡುತ್ತದೆ. ಕಿಟಕಿಗೆ ಬೆನ್ನು ಮಾಡಿ ಕೂತ ಮ್ಯಾನೇಜರ್ ಮುಖ ಎದುರು ನಿಂತವರಿಗೆ ಬರೀ ಕಪ್ಪಗೆ ಕಾಣುತ್ತದಲ್ಲ, ಅದು ಈ ಬಗೆ. ಜೋರಾದ ಬೆಳಕು ಕಣ್ಣಿನೊಳಗೆ ಹೋಗಿ ಅಲ್ಲೇ ಚದುರುತ್ತದೆ. ನೋಡಬೇಕಾದ ವಸ್ತುವಿನ ಮೇಲೆ ಮಂಜು ಕವಿದ ಹಾಗಾಗುತ್ತದೆ.

ಇನ್ನೊಂದರಲ್ಲಿ ಎಲ್ಲವೂ ಕಾಣುತ್ತದೆ, ಆದರೆ ಕಿರಿಕಿರಿ. ಬೆಳಿಗ್ಗೆ ಏನೂ ಅನ್ನಿಸುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಹುಬ್ಬಿನ ಮೇಲೆ ನೋವು, ಸಂಜೆಗೆ ತಲೆನೋವು. ಇವರು ಲೈಟಿನ ಬಗ್ಗೆ ಬಾಯೇ ಬಿಡುವುದಿಲ್ಲ. ಕುರ್ಚಿ ಸರಿ ಇಲ್ಲ, ಕಂಪ್ಯೂಟರ್ ಹಳೇದು, ಕೆಲಸ ಜಾಸ್ತಿ ಅನ್ನುತ್ತಾರೆ. ಆದ್ದರಿಂದ ಮಾತಿಗಿಂತ ಮೈಯನ್ನು ಗಮನಿಸಿ. ಮಾನಿಟರ್ ಓರೆ ತಿರುಗಿಸಿಕೊಂಡಿದ್ದಾರಾ? ಕತ್ತು ಒಂದು ಕಡೆ ವಾಲಿದೆಯಾ? ಒಳಗೂ ಕ್ಯಾಪ್ ಹಾಕಿಕೊಂಡಿದ್ದಾರಾ? ಟ್ಯೂಬಿಗೆ ಹಳೇ ಕ್ಯಾಲೆಂಡರ್ ಹಾಳೆ ಅಂಟಿಸಿದ್ದಾರಾ? ಹಾಳೆ ಅಂಟಿಸಿದ್ದು ಕಂಡರೆ ಆ ದೀಪವೇ ಕಾರಣ ಎಂದು ನೂರಕ್ಕೆ ತೊಂಬತ್ತು ಪಾಲು ನಂಬಬಹುದು. ನಂಬಿ, ಆದರೆ ಹಾಳೆಯನ್ನು ಅವತ್ತೇ ಕೀಳಿಸಿ. ದೀಪಕ್ಕೆ ಕಾಗದ ಸುತ್ತಿದರೆ ಒಳಗಿನ ಬಿಸಿ ಹೊರಹೋಗುವುದಿಲ್ಲ. ಎಲ್‌ಇಡಿ ಆದರೆ ಡ್ರೈವರ್ (ದೀಪಕ್ಕೆ ಕರೆಂಟು ಹೊಂದಿಸಿ ಕೊಡುವ ಸರ್ಕ್ಯೂಟ್) ಬೇಗ ಸಾಯುತ್ತದೆ, ಹ್ಯಾಲೊಜನ್ ಆದರೆ ಬೆಂಕಿಯೇ ಹತ್ತಬಹುದು.

ಗ್ಲೇರ್ ಅಲ್ಲದ್ದನ್ನು ಮೊದಲು ಬದಿಗಿಡಿ

ಮೊದಲ ಅನುಮಾನ ಫ್ಲಿಕರ್ ಮೇಲೆ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಡ್ರೈವರ್ ಇದ್ದರೆ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ತಲೆನೋವು ಮಾತ್ರ ಬರಬಹುದು. ಮೊಬೈಲ್ ಕ್ಯಾಮೆರಾವನ್ನು ಸ್ಲೋ ಮೋಷನ್‌ಗೆ ಹಾಕಿ ದೀಪಕ್ಕೆ ಹಿಡಿಯಿರಿ. ಪಟ್ಟೆ ಪಟ್ಟೆ ಓಡಿದರೆ ಅಥವಾ ಮಿಣಕ್ ಮಿಣಕ್ ಅಂದರೆ ಡ್ರೈವರ್ ಬದಲಾಯಿಸಿ. ಮಲೆನಾಡಿನ ಮಳೆಗಾಲದಲ್ಲಿ ವೋಲ್ಟೇಜ್ ಬಿದ್ದು ಎದ್ದು ಕಣ್ಣಿಗೇ ಕಾಣುವ ಹಾಗೆ ಮಿಣುಕುವುದು ಬೇರೆ ರೋಗ. ಅದಕ್ಕೆ ಸ್ಟೆಬಿಲೈಸರ್ ನೋಡಬೇಕು, ಇಲ್ಲವೇ ಮೆಸ್ಕಾಂ ಬಾಗಿಲು ತಟ್ಟಬೇಕು.

ಆಮೇಲೆ ಬೆಳಕು ನಿಜಕ್ಕೂ ಕಡಿಮೆ ಇದೆಯಾ ನೋಡಿ. ಬರೆಯುವ, ಓದುವ, ಟೈಪ್ ಮಾಡುವ ಮೇಜಿಗೆ 500 ಲಕ್ಸ್, ಹೊಲಿಗೆಗೆ 750 ಲಕ್ಸ್ ಎಂಬುದು ಸಾಮಾನ್ಯವಾಗಿ ಒಪ್ಪಿದ ಲೆಕ್ಕ. ಮೊಬೈಲ್ ಆ್ಯಪ್ ಅಂದಾಜಿಗೆ ಸಾಕು. ಆದರೆ ಲಕ್ಸ್ ಮೀಟರ್ ಗ್ಲೇರ್ ಅಳೆಯುವುದಿಲ್ಲ, ನೆನಪಿರಲಿ. ಮೇಜಿನ ಮೇಲೆ ಎಷ್ಟು ಬೆಳಕು ಬಿತ್ತು ಎಂದು ಅದು ಹೇಳುತ್ತದೆ. ಕೂತವರ ಕಣ್ಣಿಗೆ ದೀಪದ ಮುಖ ಎಷ್ಟು ಪ್ರಖರವಾಗಿ ಕಾಣುತ್ತಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. "ಮೀಟರಿನಲ್ಲಿ 500 ಬಂತು, ಎಲ್ಲ ಸರಿ ಇದೆ" ಎಂದು ಹೇಳಿ ಹೋಗುವವರು ಬಹಳ ಜನ.

ಕುರ್ಚಿಯಲ್ಲಿ ಕೂತು ಮಾಡುವ ಪರೀಕ್ಷೆ

ನಿಂತು ನೋಡಬೇಡಿ. ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ನಿಂತಾಗ ಕಾಣದ ದೀಪ ಕೂತಾಗ ಕಾಣುತ್ತದೆ.

ಮೊದಲು ಅಂಗೈ ಪರೀಕ್ಷೆ. ಎಂದಿನಂತೆ ಕೆಲಸ ನೋಡುತ್ತಾ ಅಂಗೈಯನ್ನು ಟೋಪಿಯ ಅಂಚಿನ ಹಾಗೆ ಹುಬ್ಬಿಗೆ ಅಡ್ಡ ಹಿಡಿಯಿರಿ. ತಕ್ಷಣ ಹಾಯ್ ಅನ್ನಿಸಿತಾ? ಹಾಗಾದರೆ ಬೆಳಕು ನೇರವಾಗಿ ಕಣ್ಣಿಗೆ ಬರುತ್ತಿದೆ. ಈಗ ಕೈಯನ್ನು ಮೇಲಿಂದ ನಿಧಾನವಾಗಿ ಇಳಿಸುತ್ತಾ ಬನ್ನಿ. ಯಾವ ಸಾಲಿನ ದೀಪ ಮರೆಯಾದಾಗ ಹಗುರ ಆಯಿತೋ ಆ ಸಾಲೇ ಕಾರಣ.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ದೂರು ಕೊಟ್ಟವರ ನೆತ್ತಿಯ ಮೇಲಿನ ದೀಪವನ್ನೇ ಬಿಚ್ಚಲು ಹೊರಡುತ್ತಾರೆ. ನೆತ್ತಿಯ ದೀಪ ಕಣ್ಣಿಗೆ ಬೀಳುವುದು ಕಡಿಮೆ. ಲೆಕ್ಕ ಹಾಕಿ ನೋಡಿ: 3 ಮೀಟರ್ ಎತ್ತರದ ಸೀಲಿಂಗ್, ಕಣ್ಣು 1.2 ಮೀಟರಿನಲ್ಲಿ. 1 ಮೀಟರ್ ಮುಂದಿರುವ ದೀಪ ನೋಟದ ಗೆರೆಯಿಂದ 60 ಡಿಗ್ರಿ ಮೇಲಿರುತ್ತದೆ. 5 ಮೀಟರ್ ಮುಂದಿನದು 20 ಡಿಗ್ರಿ. 8 ಮೀಟರ್ ಮುಂದಿನದು 13 ಡಿಗ್ರಿಯೂ ಇಲ್ಲ. ದೂರ ಹೋದಷ್ಟೂ ದೀಪ ನೋಟದ ಗೆರೆಗೆ ಹತ್ತಿರ ಇಳಿಯುತ್ತದೆ. ಕಣ್ಣಿಗೆ ಬೀಳುವ ಬೆಳಕು ಅಷ್ಟೇ ಇದ್ದರೂ ಕೋನ 20ರಿಂದ 10 ಡಿಗ್ರಿಗೆ ಇಳಿದರೆ ಆ ಮಂಜು ನಾಲ್ಕು ಪಟ್ಟು ದಪ್ಪ ಆಗುತ್ತದೆ. 1920ರ ದಶಕದಲ್ಲಿ ಹಾಲಡೇ ಮತ್ತು ಸ್ಟೈಲ್ಸ್ ಎಂಬ ಇಬ್ಬರು ಬೇರೆಬೇರೆಯಾಗಿ ಕಂಡುಕೊಂಡ ಲೆಕ್ಕ ಇದು. ಈಗಲೂ ಬಳಕೆಯಲ್ಲಿದೆ. ಉದ್ದನೆಯ ಹಾಲ್‌ನಲ್ಲಿ ಮೂರನೇ, ನಾಲ್ಕನೇ ಸಾಲಿನ ಸ್ವಿಚ್ ಆರಿಸಿ ನೋಡಿ, ಸತ್ಯ ಹೊರಬೀಳುತ್ತದೆ.

ಅಂಗೈ ಅಡ್ಡ ಹಿಡಿದರೂ ಏನೂ ಹಗುರ ಆಗದಿದ್ದರೆ ಕನ್ನಡಿ ತೆಗೆಯಿರಿ. ಕಷ್ಟ ಕೊಡುವ ಜಾಗದಲ್ಲೇ, ಅಂದರೆ ಲೆಡ್ಜರ್ ಇಡುವಲ್ಲಿ ಅಥವಾ ಬೀಜ ಹರಡುವಲ್ಲಿ, ಅದನ್ನು ಅಂಗಾತ ಇಡಿ. ಮಾನಿಟರ್ ಆದರೆ ಪರದೆಗೆ ಆನಿಸಿ ಹಿಡಿಯಿರಿ. ತಲೆ ಅಲ್ಲಾಡಿಸದೆ ಕನ್ನಡಿಯೊಳಗೆ ನೋಡಿ. ಯಾವ ದೀಪ ಕಾಣುತ್ತದೋ, ಯಾವ ಕಿಟಕಿ ಕಾಣುತ್ತದೋ, ತೊಂದರೆ ಅದರದ್ದು. ಅದು ಮೇಜಿಗೆ ಬಡಿದು ಕಣ್ಣಿಗೆ ಹಾರುತ್ತಿದೆ. ಸಾವಿರಾರು ರೂಪಾಯಿಯ ಉಪಕರಣ ಹೇಳದ್ದನ್ನು ಈ ಕನ್ನಡಿ ಹೇಳುತ್ತದೆ.

ಎರಡರಲ್ಲೂ ಏನೂ ಸಿಗಲಿಲ್ಲವಾ? ಹಾಗಿದ್ದರೆ ಹಿನ್ನೆಲೆಯ ಕತ್ತಲೆ ಮೇಲೆ ಅನುಮಾನ ಪಡಿ. ದೀಪದ ಅಥವಾ ಮಾನಿಟರಿನ ಹಿಂದಿನ ಗೋಡೆಗೆ ಟೇಬಲ್ ಲ್ಯಾಂಪ್ ತಿರುಗಿಸಿ ಹಿಡಿಯಿರಿ. ಕೋಣೆಗೆ ಬೆಳಕು ಇನ್ನೂ ಸೇರಿದೆ, ಆದರೂ ಕಣ್ಣಿಗೆ ಹಗುರ ಅನ್ನಿಸಿದರೆ ಪತ್ತೆ ಆದಂತೆ.

ಈ ಪರೀಕ್ಷೆಗಳನ್ನು ಹಗಲಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಮಾಡಿ. ಹಗಲು ಬಂದ ದೂರು ರಾತ್ರಿ ಮಾಯವಾದರೆ ದೀಪ ಬಿಟ್ಟು ಕಿಟಕಿ ನೋಡಿ.

ಹಳೇ ಮನೆಯಲ್ಲಿ ಕಚೇರಿ

ನಮ್ಮ ಕಡೆ ಬಹಳಷ್ಟು ಕಚೇರಿಗಳು ಹಳೇ ಹೆಂಚಿನ ಮನೆಗಳಲ್ಲಿವೆ. ಮರದ ಮುಚ್ಚಿಗೆ ಹೊಗೆ ಕುಡಿದು ಕಪ್ಪಾಗಿರುತ್ತದೆ. ಗೋಡೆ ದಪ್ಪ, ಕಿಟಕಿ ಸಣ್ಣದು. ಆ ಕಪ್ಪು ಮುಚ್ಚಿಗೆಗೆ ಬೋಳು ಎಲ್‌ಇಡಿ ಬ್ಯಾಟನ್ (ಟ್ಯೂಬಿನಂಥ ಉದ್ದ ದೀಪ) ಹೊಡೆದಿರುತ್ತಾರೆ. ಇದೇ ಬ್ಯಾಟನ್ ಬಿಳಿ ತಾರಸಿಗೆ ಇದ್ದಿದ್ದರೆ ಯಾರೂ ದೂರುತ್ತಿರಲಿಲ್ಲ.

ಯಾಕೆ ಎಂದು ತಿಳಿಯಲು ಯುಜಿಆರ್ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಯೂನಿಫೈಡ್ ಗ್ಲೇರ್ ರೇಟಿಂಗ್ ಎಂಬ ಈ ಅಳತೆಯನ್ನು ಸಿಐಇ ಎಂಬ ಅಂತರರಾಷ್ಟ್ರೀಯ ಬೆಳಕಿನ ಸಂಸ್ಥೆ 1995ರಲ್ಲಿ ಹೊರತಂದಿತು. ಅಂಕಿ 10ರ ಕೆಳಗಿದ್ದರೆ ಗ್ಲೇರ್ ಇಲ್ಲ ಅಂತಲೇ ಲೆಕ್ಕ. ಕಚೇರಿಗೆ 19 ದಾಟಬಾರದು, ಹೊಲಿಗೆ ವಿಭಾಗಕ್ಕೆ 22. ಅದು 28ಕ್ಕೆ ಹೋದರೆ ಕೂರಲಾಗುವುದಿಲ್ಲ. ಸೂತ್ರದಲ್ಲಿ ದೀಪದ ಮುಖದ ಪ್ರಖರತೆ ವರ್ಗವಾಗಿ ಮೇಲೆ ಕೂತಿದೆ, ಹಿನ್ನೆಲೆಯ ಬೆಳಕು ಕೆಳಗೆ ಕೂತಿದೆ. ಅಂದರೆ ದೀಪದ ಮುಖ ಪ್ರಖರ ಆದಷ್ಟೂ ಅಂಕಿ ಏರುತ್ತದೆ, ಹಿನ್ನೆಲೆ ಬೆಳಗಿದಷ್ಟೂ ಇಳಿಯುತ್ತದೆ. ಇದರಿಂದ ಕೆಲವು ಉಪಯೋಗದ ಮಾತು ಹೊರಡುತ್ತವೆ.

ಇರುವ ದೀಪಗಳ ಜಾಗಕ್ಕೆ ಅಷ್ಟೇ ಗಾತ್ರದ, ಎರಡು ಪಟ್ಟು ಬೆಳಕಿನ ದೀಪ ಹಾಕಿದರೆ ಯುಜಿಆರ್ ಸುಮಾರು 2.4 ಏರುತ್ತದೆ. ಅದರ ಬದಲು ಇರುವಂಥದ್ದೇ ದೀಪಗಳನ್ನು ಸಮವಾಗಿ ಹರಡಿ ಎರಡು ಪಟ್ಟು ಮಾಡಿದರೆ ಹಿನ್ನೆಲೆಯೂ ಬೆಳಗುವುದರಿಂದ ಅಂಕಿ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಅಷ್ಟೇ ಬೆಳಕನ್ನು ಎರಡು ಪಟ್ಟು ಅಗಲದ ಮುಖದಿಂದ ಬಿಟ್ಟರೆ 2.4 ಇಳಿಯುತ್ತದೆ. ದೀಪ ಮುಟ್ಟದೆ ಹಿನ್ನೆಲೆಯನ್ನು ಎರಡು ಪಟ್ಟು ಬೆಳಗಿಸಿದರೂ ಅಷ್ಟೇ ಇಳಿಯುತ್ತದೆ. ಮನುಷ್ಯರಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುವುದು ಸುಮಾರು 3 ಅಂಕಿಗೆ. ಅಂದರೆ ಮುಖ ಅಗಲ ಮಾಡಿ, ಗೋಡೆಗೂ ಬಿಳಿ ಬಳಿದರೆ ಕೂತವರೇ ಹೇಳುತ್ತಾರೆ, ಪರವಾಗಿಲ್ಲ ಅಂತ.

ಹಾಗಾಗಿ ಇಂಥ ಕಟ್ಟಡಕ್ಕೆ ನನ್ನ ಮೊದಲ ಸಲಹೆ ಎಲೆಕ್ಟ್ರಿಕ್ ಅಂಗಡಿ ಅಲ್ಲ, ಬಣ್ಣದ ಅಂಗಡಿ. ಮುಚ್ಚಿಗೆಗೆ ಬಿಳಿ, ಗೋಡೆಗೆ ತಿಳಿ ಬಣ್ಣ, ಎರಡೂ ಮ್ಯಾಟ್. ಸೀಲಿಂಗ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು, ಗೋಡೆ 50ಕ್ಕಿಂತ ಹೆಚ್ಚು ವಾಪಸ್ ಕೊಡುವಂತಿರಬೇಕು. ಹಳೇ ತೇಗದ ಮುಚ್ಚಿಗೆಗೆ ಬಣ್ಣ ಬಳಿಯಲು ಮನಸ್ಸು ಬರುವುದಿಲ್ಲ, ಅದು ಸರಿಯೇ. ಆಗ ದೀಪವನ್ನು ಮುಚ್ಚಿಗೆಯಿಂದ ಇಳಿಸಿ, ಸ್ವಲ್ಪ ಬೆಳಕು ಗೋಡೆಯ ಮೇಲ್ಭಾಗಕ್ಕೂ ಬೀಳುವ ಫಿಟಿಂಗ್ ಹಾಕಿ. ಮಳೆಗಾಲದ ಶೀತಕ್ಕೆ ಹೆದರಿ ಗೋಡೆಯ ಕೆಳಗರ್ಧಕ್ಕೆ ಆಯಿಲ್ ಪೇಂಟ್ ಹೊಡೆಸುವ ಅಭ್ಯಾಸ ನಮ್ಮಲ್ಲಿದೆ. ಒರೆಸಲು ಅನುಕೂಲ, ನಿಜ. ಆದರೆ ಮಾನಿಟರ್ ಹಿಂದಿನ ಗೋಡೆಯಲ್ಲಿ ಅದು ಇನ್ನೊಂದು ಟ್ಯೂಬ್‌ಲೈಟಿನಂತೆ ಹೊಳೆಯುತ್ತದೆ.

ಸಣ್ಣ ಕಿಟಕಿಗೂ ಬಿಳಿಯೇ ಮದ್ದು. ದಪ್ಪ ಗೋಡೆಯ ಕಿಟಕಿಗೆ ಎರಡೂ ಮಗ್ಗುಲಲ್ಲಿ ಒಂದೂವರೆ ಅಡಿ ಒಳಗೋಡೆ ಕಾಣುತ್ತದಲ್ಲ, ಅದಕ್ಕೆ ಬಿಳಿ ಬಳಿಯಿರಿ. ಹೊರಗಿನ ಪ್ರಖರ ಆಕಾಶಕ್ಕೂ ಒಳಗಿನ ಕತ್ತಲೆ ಗೋಡೆಗೂ ನಡುವೆ ಒಂದು ಮೆಟ್ಟಿಲು ಸಿಗುತ್ತದೆ. ಜುಲೈ ತಿಂಗಳ ಮೋಡದ ಆಕಾಶ ಮಂಕು ಎಂದುಕೊಳ್ಳಬೇಡಿ. ತೆಳು ಮೋಡ ಕವಿದ ಬಿಳಿ ಆಕಾಶ ಎಷ್ಟೋ ಸಲ ನೀಲಿ ಆಕಾಶಕ್ಕಿಂತ ಹೆಚ್ಚು ಕಣ್ಣು ಕುಕ್ಕುತ್ತದೆ. ಗಾಜಿನ ಹೆಂಚಿನಿಂದ ಬೀಳುವ ಬಿಸಿಲುಕೋಲು ಮೇಜಿನ ಮೇಲೆ ಸರಿಯುತ್ತಾ ಹೋಗುತ್ತಿದ್ದರೆ ಮೇಜನ್ನೇ ಸರಿಸಿ, ಅಥವಾ ಹೆಂಚಿನ ಕೆಳಗೆ ತೆಳು ಬಿಳಿ ಬಟ್ಟೆ ಕಟ್ಟಿ.

ಮೇಜಿನ ಗಾಜು, ಕಂಪ್ಯೂಟರ್

ಅಧಿಕಾರಿಗಳ ಮೇಜಿನ ಮೇಲೊಂದು ದಪ್ಪ ಗಾಜು. ಕೆಳಗೆ ದೇವರ ಫೋಟೋ, ಫೋನ್ ನಂಬರ್ ಪಟ್ಟಿ, ರಜಾ ಪಟ್ಟಿ. ಕನ್ನಡಿ ಪರೀಕ್ಷೆಗೆ ಇಲ್ಲಿ ಕನ್ನಡಿಯೇ ಬೇಡ, ಮೇಜೇ ಕನ್ನಡಿ. ಗಾಜು ತೆಗೆಸಿದರೆ ಅರ್ಧ ದೂರು ಮುಗಿಯುತ್ತದೆ, ಆದರೆ ತೆಗೆಯಲು ಯಾರೂ ಒಪ್ಪುವುದಿಲ್ಲ. ಒಪ್ಪದಿದ್ದರೆ ಬರೆಯುವ ಜಾಗಕ್ಕೆ ಹೊಳಪಿಲ್ಲದ ಒಂದು ದೊಡ್ಡ ರೈಟಿಂಗ್ ಪ್ಯಾಡ್ ಹಾಸಿ. ಹೊಳಪಿನ ಸನ್‌ಮೈಕಾ, ಗ್ರಾನೈಟ್ ಕೌಂಟರ್, ಲ್ಯಾಮಿನೇಟ್ ಮಾಡಿದ ದರಪಟ್ಟಿಗೂ ಇದೇ ಮಾತು.

ದೀಪ ಎದುರಿಗೆ ಮೇಲಿದ್ದರೆ ಅದರ ಬಿಂಬ ಮೇಜಿನಿಂದ ನೇರ ಕಣ್ಣಿಗೆ ಹಾರುತ್ತದೆ. ಪಕ್ಕದಿಂದ ಬಂದರೆ ಬಿಂಬ ಇನ್ನೊಂದು ಪಕ್ಕಕ್ಕೆ ಹೋಗುತ್ತದೆ. ಬ್ಯಾಟನ್ ಸಾಲು ನೋಟದ ದಿಕ್ಕಿನಲ್ಲೇ ಉದ್ದಕ್ಕೆ ಓಡಲಿ, ಕುರ್ಚಿ ಎರಡು ಸಾಲಿನ ನಡುವೆ ಇರಲಿ. ಟ್ಯೂಬನ್ನು ಅಡ್ಡದಿಂದ ನೋಡುವುದಕ್ಕಿಂತ ತುದಿಯಿಂದ ನೋಡಿದರೆ ಕಣ್ಣಿಗೆ ಹೊಡೆಯುವುದು ಕಡಿಮೆ. ಎಷ್ಟೋ ಕಚೇರಿಯಲ್ಲಿ ಮೇಜುಗಳನ್ನು 90 ಡಿಗ್ರಿ ತಿರುಗಿಸಿದ್ದೇ ಪರಿಹಾರ, ಒಂದು ಸ್ಕ್ರೂ ಕೂಡ ಬಿಚ್ಚುವುದು ಬೇಡ. ಮಾನಿಟರನ್ನು ಕಿಟಕಿಯ ಎದುರಿಗೂ ಇಡಬೇಡಿ, ಕಿಟಕಿಗೆ ಬೆನ್ನು ಮಾಡಿಯೂ ಇಡಬೇಡಿ. ಕಿಟಕಿ ಮಗ್ಗುಲಿಗೆ ಬರಲಿ. ಮತ್ತೆ ಈಗಿನ ಹುಡುಗರು ಎಲ್ಲದಕ್ಕೂ ಡಾರ್ಕ್ ಮೋಡ್ ಹಾಕಿಕೊಳ್ಳುತ್ತಾರೆ. ಕಪ್ಪು ಪರದೆಯಲ್ಲಿ ದೀಪದ ಬಿಂಬ ಇನ್ನೂ ಎದ್ದು ಕಾಣುತ್ತದೆ. ಬೆಳಕಿರುವ ಕಚೇರಿಯಲ್ಲಿ ಬಿಳಿ ಪರದೆಯೇ ವಾಸಿ.

ಕಾಫಿ ಬೀಜ ಹೆಕ್ಕುವ ಮೇಜು

ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಲರ್ ಸಾರ್ಟರ್ ಯಂತ್ರ ಬಂದಿದ್ದರೂ ಕೈಯಲ್ಲಿ ಹೆಕ್ಕುವ ಗಾರ್ಬ್ಲಿಂಗ್ ಪೂರ್ತಿ ನಿಂತಿಲ್ಲ. ಕಪ್ಪು ಬೀಜ, ಒಡಕು, ಬಣ್ಣಗೆಟ್ಟದ್ದು, ಎಲ್ಲ ಬೇರೆ ಮಾಡಬೇಕು. ಎದುರುಬದುರು ಸಾಲಾಗಿ ಹೆಣ್ಣುಮಕ್ಕಳು ಕೂತಿರುತ್ತಾರೆ. ಬೆಳಕು ಹತ್ತಿರ ಇರಲಿ ಎಂದು ಮೇಜಿನ ಮೇಲೆ ಚೈನ್ ಕಟ್ಟಿ ದೀಪ ತಗ್ಗಿಸಿರುತ್ತಾರೆ.

"ಅಣ್ಣ, ನನ್ ಲೈಟ್ ಸರಿ ಇದೆ, ಆ ಕಡೆದು ಹೊಡಿತದೆ" ಎಂದು ಒಬ್ಬ ಅಕ್ಕ ಹೇಳಿದರೆ ಅದನ್ನು ಅಕ್ಷರಶಃ ತೆಗೆದುಕೊಳ್ಳಿ. ತಗ್ಗಿಸಿದ ದೀಪ ಕೆಳಗೆ ಕೂತವರಿಗೆ ತೊಂದರೆ ಕೊಡುವುದಿಲ್ಲ, ಎದುರು ಸಾಲಿನವರಿಗೆ ಮತ್ತು ಓರೆಯಲ್ಲಿ ದೂರ ಕೂತವರಿಗೆ ಕೊಡುತ್ತದೆ. ಇಲ್ಲಿ ಶೇಡ್‌ನ ಆಳವೇ ಎಲ್ಲ. ಶೇಡಿನ ಅಂಚು ಎದುರು ಕೂತವರ ಕಣ್ಣಿನ ಮಟ್ಟಕ್ಕಿಂತ ಒಂದು ಚೂರು ಕೆಳಗೆ ಬರಬೇಕು. ಅಷ್ಟು ಇಳಿಸಿದರೆ ಕೈಗೆ, ತಲೆಗೆ ತಾಗುತ್ತದೆ ಅಂದರೆ ಮೇಲಕ್ಕೆತ್ತಿ, ಆದರೆ ಶೇಡ್ ಆಳದ್ದು ಹಾಕಿ. ನಡುವಿನ ಎತ್ತರ ಎರಡಕ್ಕೂ ಕೆಟ್ಟದ್ದು. ಕೂರುವ ಬೆಂಚು ತಗ್ಗಾಗಿದ್ದರೆ ಕಣ್ಣಿನ ಮಟ್ಟವನ್ನು ಟೇಪ್ ಹಿಡಿದು ಅಳೆಯಿರಿ. ಕಚೇರಿಯ 1.2 ಮೀಟರ್ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮೇಜಿನ ಮೇಲ್ಮೈ ಸ್ಟೀಲ್ ಆಗಿದ್ದರೆ ಬೀಜದ ನಡುನಡುವೆ ಹೊಳಪು ಕಣ್ಣಿಗೆ ಚುಚ್ಚುತ್ತಿರುತ್ತದೆ. ಮ್ಯಾಟ್ ಹಾಸು ಹಾಕಿ. ಬೀಜಕ್ಕೂ ಸ್ವಲ್ಪ ಹೊಳಪಿರುತ್ತದೆ, ಪಾಲಿಶ್ ಆದ ಪ್ಲಾಂಟೇಷನ್ (ತೊಳೆದು ಸಂಸ್ಕರಿಸಿದ ಅರೇಬಿಕಾ) ಬೀಜಕ್ಕೆ ಇನ್ನೂ ಜಾಸ್ತಿ. ಸಣ್ಣ ಪ್ರಖರ ದೀಪದ ಕೆಳಗೆ ಪ್ರತಿ ಬೀಜದ ಬೆನ್ನ ಮೇಲೂ ಒಂದು ಬಿಳಿ ಚುಕ್ಕೆ ಕೂರುತ್ತದೆ. ಆ ಚುಕ್ಕೆ ಬಣ್ಣವನ್ನು ನುಂಗುತ್ತದೆ. ಅಗಲ ಮುಖದ, ಹಾಲು ಬಣ್ಣದ ಡಿಫ್ಯೂಸರ್ (ಬೆಳಕು ಹರಡುವ ಕವರ್) ಇರುವ ದೀಪ ಹಾಕಿದರೆ ಚುಕ್ಕೆ ಹರಡಿ ತೆಳುವಾಗಿ ಬಣ್ಣ ಮೇಲೆದ್ದು ಕಾಣುತ್ತದೆ. ಬಣ್ಣ ನೋಡಿ ವಿಂಗಡಿಸುವ ಕೆಲಸವಾದ್ದರಿಂದ ಸಿಆರ್‌ಐ (ದೀಪದಡಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಳತೆ) 90 ಇರುವ ದೀಪ ಕೇಳಿ ತನ್ನಿ. ಕಚೇರಿಗಾದರೆ 80 ಸಾಕು.

ಹಾಸನದ ಗಾರ್ಮೆಂಟ್ಸ್‌ನಲ್ಲೂ ಕತೆ ಇದೇ ಜಾತಿಯದ್ದು. ಅಲ್ಲಿ ಹೊಳೆಯುವುದು ಮೆಷಿನ್ನಿನ ಸೂಜಿ ಪ್ಲೇಟು ಮತ್ತು ನುಣುಪು ಬಟ್ಟೆ. ಸೂಜಿಯ ಪಕ್ಕದ ಪುಟ್ಟ ಎಲ್‌ಇಡಿಯ ಕತ್ತನ್ನು ಸ್ವಲ್ಪ ಪಕ್ಕಕ್ಕೆ ಬಾಗಿಸಿದರೆ ಸಾಕಾಗುತ್ತದೆ.

ಗೋಡೌನಿನ ಹೈ ಬೇ ದೀಪಗಳ ವಿಚಾರ ಸುಲಭ. ಎತ್ತರದ ಶೆಡ್ಡಿಗೆಂದು ಮಾಡಿದ ದೀಪವನ್ನು 4 ಮೀಟರಿಗೆ ನೇತುಹಾಕಬೇಡಿ. ಮೂಟೆ ಪೇರಿಸುವ ಹಮಾಲಿಗಳು ತಲೆ ಎತ್ತಿಯೇ ಕೆಲಸ ಮಾಡುವವರು. ಕ್ಷಣ ಕಣ್ಣು ಕತ್ತಲಿಟ್ಟರೆ ಹಲಗೆಯಿಂದ ಕಾಲು ಜಾರುತ್ತದೆ. ಡಿಫ್ಯೂಸರ್ ಅಥವಾ ರಿಫ್ಲೆಕ್ಟರ್ ಇಲ್ಲದ ಹೈ ಬೇ ಅಲ್ಲಿ ಬೇಡವೇ ಬೇಡ. ಮಾಲೀಕರು ಗೊಣಗಿದರೆ, 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವವರೆಗೂ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 17ನೇ ಸೆಕ್ಷನ್ ನೆನಪಿಸಿ. ದೀಪದಿಂದ ನೇರವಾಗಿ ಬರುವ ಗ್ಲೇರ್, ನುಣುಪು ಮೇಲ್ಮೈಯಿಂದ ಚಿಮ್ಮುವ ಗ್ಲೇರ್, ಅಪಘಾತಕ್ಕೆ ದಾರಿ ಮಾಡುವ ನೆರಳು, ಮೂರನ್ನೂ ತಡೆಯಬೇಕೆಂದು ಆಗಲೇ ಬರೆದಿದ್ದರು.

ದೀಪ ಕೊಳ್ಳಲೇಬೇಕಾದರೆ

ಹಳೇ ದಪ್ಪ ಟ್ಯೂಬ್ 38 ಮಿಲಿಮೀಟರ್ ಇತ್ತು. ಆಮೇಲೆ 26 ಬಂತು, ಆಮೇಲೆ 16. ಈಗ ಎಲ್‌ಇಡಿ ಚಿಪ್ ಅಕ್ಕಿಕಾಳಿನಷ್ಟೂ ಇಲ್ಲ. ಬೆಳಕು ಕಡಿಮೆ ಆಗಲಿಲ್ಲ, ಅದು ಹೊರಬರುವ ಜಾಗ ಕಿರಿದಾಯಿತು. "ಎಲ್‌ಇಡಿ ಹಾಕಿಸಿದ ಮೇಲೆ ಕಣ್ಣುರಿ ಶುರು" ಎಂಬ ದೂರಿನ ಹಿಂದೆ ಇರುವುದು ಬಹುಪಾಲು ಇದೇ. ಚಿಪ್ ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಂಡರೆ ಆ ದೀಪ ಕೆಲಸದ ಜಾಗಕ್ಕೆ ತರಬೇಡಿ.

ಪೆಟ್ಟಿಗೆಯ ಮೇಲೆ "ಯುಜಿಆರ್ 19ಕ್ಕಿಂತ ಕಡಿಮೆ" ಎಂದಿದ್ದರೆ ಒಳ್ಳೆಯದೇ, ಆದರೆ ಅದನ್ನೇ ನಂಬಿ ಕೂರಬೇಡಿ. ಯುಜಿಆರ್ ಇರುವುದು ಕೋಣೆಗೆ, ದೀಪಕ್ಕಲ್ಲ. ಕಂಪನಿಯವರು ತಿಳಿ ಬಣ್ಣದ ಗೋಡೆ, ಬಿಳಿ ಸೀಲಿಂಗ್ ಇರುವ ಒಂದು ಮಾದರಿ ಕೋಣೆಗೆ ಲೆಕ್ಕ ಹಾಕಿರುತ್ತಾರೆ. ನಿಮ್ಮ ಕಪ್ಪು ಮುಚ್ಚಿಗೆ ಅವರಿಗೆ ಗೊತ್ತಿಲ್ಲ. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು: ದೀಪವನ್ನು ಎತ್ತರದಲ್ಲಿ ಉರಿಸಿ ದೂರ ದೂರ ಹೆಜ್ಜೆ ಹಾಕಿ. ದೂರ ಹೋದ ಹಾಗೆ ಅದರ ಮುಖ ಮಂಕಾಗಬೇಕು. ನೇರ ಕೆಳಮುಖದ ಗೆರೆಯಿಂದ 65 ಡಿಗ್ರಿ ದಾಟಿದ ಮೇಲೂ ಅಷ್ಟೇ ಜೋರಾಗಿ ಕಂಡರೆ ನಿಮ್ಮ ಹಾಲ್‌ನ ಕೊನೆಯ ಕುರ್ಚಿಯವರಿಗೆ ಅದು ಬೇಡ. ಪ್ರಿಸ್ಮ್ ಕವರ್, ಅಥವಾ ಆಳವಾದ ಜಾಲರಿ ಇರುವ ಫಿಟಿಂಗ್ ಈ ಕೆಲಸ ಚೆನ್ನಾಗಿ ಮಾಡುತ್ತವೆ.

ಒಬ್ಬರಿಗೆ ಮಾತ್ರ ಸರಿಯಾಗದಿದ್ದರೆ

ಎಲ್ಲರೂ ಸುಮ್ಮನಾದರು, ಒಬ್ಬರು ಮಾತ್ರ ಇನ್ನೂ ಕಣ್ಣುಜ್ಜುತ್ತಿದ್ದಾರೆ. ಅವರ ವಯಸ್ಸು ನೋಡಿ. 60ರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು 20ರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಪಾಲು. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿ ಮಬ್ಬಾಗಿರುತ್ತದೆ. ಅದೇ ಮಬ್ಬು ಬೆಳಕನ್ನು ಚದುರಿಸಿ ಗ್ಲೇರ್ ಹೆಚ್ಚಿಸುತ್ತದೆ. ಅಂದರೆ ಅವರಿಗೆ ಬೆಳಕೂ ಜಾಸ್ತಿ ಬೇಕು, ಅದು ಕಣ್ಣಿಗೆ ತಾಗಲೂ ಬಾರದು. ಹಾಲ್‌ನ ದೀಪ ಮುಟ್ಟಬೇಡಿ. ಕತ್ತು ಬಾಗುವ, ಶೇಡ್ ಇರುವ ಒಂದು ಟೇಬಲ್ ಲ್ಯಾಂಪ್ ಅವರ ಪಕ್ಕಕ್ಕೆ ಕೊಡಿ. ಬಲಗೈಯಲ್ಲಿ ಬರೆಯುವವರಾದರೆ ಎಡಕ್ಕೆ.

ರಾತ್ರಿ ಎದುರು ಗಾಡಿಯ ಲೈಟಿಗೆ ರಸ್ತೆಯೇ ಕಾಣುವುದಿಲ್ಲ, ದೀಪದ ಸುತ್ತ ಬಳೆ ಕಾಣುತ್ತದೆ ಎಂದೂ ಅವರು ಹೇಳಿದರೆ ಎಲೆಕ್ಟ್ರಿಷಿಯನ್ ಕೆಲಸ ಅಲ್ಲಿಗೆ ಮುಗಿಯಿತು. ಕಣ್ಣಿನ ಪೊರೆ ಶುರುವಾಗಿರಬಹುದು, ಒಮ್ಮೊಮ್ಮೆ ಕಣ್ಣಿನ ಒತ್ತಡವೂ ಇರಬಹುದು. ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಆ ವಾರವೇ ಕಳಿಸಿ.